ಎಂಬತ್ತೇಳರಲ್ಲಿ ಒಂದು ಪಾಲು ಊರು

ನಾವುಂದದಲ್ಲಿ ಕಡಲ ಬದಿಯಿಂದ ಪೂರ್ವಕ್ಕೆ ಬಂದರೆ ಹೆದ್ದಾರಿ, ಮನೆ, ತೋಟ, ಗದ್ದೆ. ಅದರಾಚೆ ಕೊಂಕಣ ರೈಲಿನ ಹಳಿ. ಉತ್ತರಕ್ಕೆ ಬಿಜೂರು ನಿಲ್ದಾಣ, ದಕ್ಷಿಣಕ್ಕೆ ಸೇನಾಪುರ, ನಡುವೆ ಸೌಪರ್ಣಿಕಾ ಹೊಳೆ. ಹೊಟ್ಟೆಪಾಡಿಗೆ ಮುಂಬೈ ಸೇರಿದವರಿಗೆ ಈ ಹಳಿಯೇ ಮನೆಯ ದಾರಿ. ಇಷ್ಟನ್ನೂ ಪರದೇಶದ ಒಂದು ಕೋಣೆಯಲ್ಲಿ, ಮೇಜಿನ ಮೇಲೆ, ಓಡುವ ರೈಲಿನ ಸಮೇತ ಕಟ್ಟಲು ಬರುತ್ತದೆ. ಜಗತ್ತಿನ ಎಷ್ಟೋ ದೇಶಗಳ ಜನ ತಮ್ಮ ತಮ್ಮ ಊರಿನ ರೈಲುಗಳನ್ನು ಹೀಗೆ ಕಟ್ಟಿಕೊಂಡಿದ್ದಾರೆ. ಮಾಡೆಲ್ ರೈಲ್ವೆ ಎಂಬ ಈ ಕಸುಬು ನಮ್ಮ ಕರಾವಳಿಗೂ ಬರಬೇಕು.

ಅಳತೆಯೇ ಮೊದಲ ಪಾಠ

ಜಾತ್ರೆಯ ಆಟಿಕೆ ರೈಲಿಗೂ ಇದಕ್ಕೂ ಇರುವ ವ್ಯತ್ಯಾಸ ಅಳತೆಯದು. ಇಲ್ಲಿ ಇಂಜಿನ್, ಬೋಗಿ, ಪ್ಲಾಟ್‌ಫಾರ್ಮ್, ನಿಂತ ಮನುಷ್ಯ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ, ಅಂದರೆ 87ರಲ್ಲಿ ಒಂದು ಪಾಲು. ಇದರ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಜಾಗ ಕಡಿಮೆ ಇದ್ದವರಿಗೆ 160ರಲ್ಲಿ ಒಂದು ಪಾಲಿನ ಎನ್ ಪ್ರಮಾಣವಿದೆ. ಉಪ್ಪಿನಕುದ್ರಿನ ಯಕ್ಷಗಾನ ಗೊಂಬೆಯಾಟ ಕಂಡವರಿಗೆ ಈ ಮಾತು ಬೇಗ ತಿಳಿಯುತ್ತದೆ. ಕಿರೀಟ, ಕೈ, ರಂಗಸ್ಥಳ ಒಂದಕ್ಕೊಂದು ಒಪ್ಪಿದರೆ ಸ್ವಲ್ಪ ಹೊತ್ತಿನಲ್ಲೇ ಗೊಂಬೆ ಸಣ್ಣದೆಂಬುದು ಮರೆತುಹೋಗುತ್ತದೆ.

ಹಳಿಗೆ ಸಾಮಾನ್ಯವಾಗಿ 12 ವೋಲ್ಟ್ ಡಿಸಿ ವಿದ್ಯುತ್ ಕೊಡುತ್ತಾರೆ. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ ಓಡುತ್ತದೆ. ಈಗಿನ ಡಿಜಿಟಲ್ ಪದ್ಧತಿಯಲ್ಲಿ ಪ್ರತಿ ಇಂಜಿನ್ನಿನೊಳಗೂ ಒಂದು ಚಿಪ್ ಇದ್ದು, ಅದಕ್ಕೊಂದು ಸಂಖ್ಯೆ ಇರುತ್ತದೆ. ಹಾಗಾಗಿ ಒಂದೇ ಹಳಿಯ ಮೇಲಿನ ಎರಡು ಇಂಜಿನ್‌ಗಳನ್ನು ಬೇರೆ ಬೇರೆಯಾಗಿ ಓಡಿಸಬಹುದು. ಕೊಂಕಣ ರೈಲಿನಲ್ಲಿ ಹೋದವರೆಲ್ಲ ಬಲ್ಲ ‘ಕ್ರಾಸಿಂಗ್’ ಅನ್ನು, ಒಂದು ರೈಲನ್ನು ನಿಲ್ಲಿಸಿ ಇನ್ನೊಂದಕ್ಕೆ ದಾರಿ ಬಿಡುವುದನ್ನು, ಮೇಜಿನ ಮೇಲೂ ಆಡಿಸಲು ಇದರಿಂದ ಸುಲಭ.

ಕೊರಿಯದ ಕೈಗಳು

ಈ ಕಸುಬಿನಲ್ಲಿ ದಕ್ಷಿಣ ಕೊರಿಯದ ಕಥೆ ನಾವು ತಿಳಿಯಬೇಕಾದದ್ದು. 1970ರ ದಶಕದಿಂದ ಮುಂದಕ್ಕೆ ಸಮ್‌ಹೋಂಗ್‌ಸಾದಂಥ ಅಲ್ಲಿನ ಕಾರ್ಖಾನೆಗಳು ಅಮೆರಿಕದ ಹವ್ಯಾಸಿಗಳಿಗೆ ಹಿತ್ತಾಳೆಯ ಇಂಜಿನ್‌ಗಳನ್ನು ಮಾಡಿ ಕಳಿಸುತ್ತಿದ್ದವು. ತೆಳು ತಗಡು ಕತ್ತರಿಸಿ, ಕೂದಲೆಳೆಯಂಥ ಕೊಳವೆಗಳನ್ನು ಬೆಸೆದು ಮಾಡುವ ನಾಜೂಕು ಕೆಲಸ. ಬೇರೆಯವರ ದೇಶದ ರೈಲನ್ನು ಇಷ್ಟು ಚೆನ್ನಾಗಿ ಮಾಡಿಕೊಟ್ಟ ನಾಡು ಅದು.

ಅಲ್ಲಿನ ಸ್ವಂತ ರೈಲುಗಳೂ ಮಾದರಿಗೆ ಹೇಳಿ ಮಾಡಿಸಿದಂತಿವೆ. 2004ರ ಏಪ್ರಿಲ್ 1ರಂದು ಓಡತೊಡಗಿದ ವೇಗದ ರೈಲು ಕೆಟಿಎಕ್ಸ್ ಫ್ರಾನ್ಸಿನ ಟಿಜಿವಿ ವಂಶದ್ದು. 46 ರೈಲುಗಳಲ್ಲಿ 12 ಫ್ರಾನ್ಸಿನಲ್ಲಿ ತಯಾರಾದವು, ಉಳಿದ 34ನ್ನು ಕೊರಿಯದ ರೋಟೆಮ್ ಕಟ್ಟಿತು. ಕೊರಿಯದ ಹಳಿಯ ಅಂತರ 1435 ಮಿ.ಮೀ.; ಅದನ್ನು 87ರಿಂದ ಭಾಗಿಸಿದರೆ 16.5 ಬರುತ್ತದೆ. ಅಂಗಡಿಯ ಹಳಿ ಹಾಗೇ ಒಪ್ಪುತ್ತದೆ.

ಉದ್ದದ ವಿಷಯಕ್ಕೆ ಬಂದರೆ ಕಷ್ಟ ಶುರುವಾಗುತ್ತದೆ. 20 ಬೋಗಿಗಳ, 388 ಮೀಟರ್ ಉದ್ದದ ಕೆಟಿಎಕ್ಸ್ ಎಚ್‌ಒದಲ್ಲೂ ನಾಲ್ಕೂವರೆ ಮೀಟರ್ ಆಗುತ್ತದೆ. ಪರದೇಶದ ಬಾಡಿಗೆ ಮನೆಯಲ್ಲಿರುವ ಕೊರಿಯನ್ನರು ಬೋಗಿಗಳನ್ನು ಕಡಿಮೆ ಮಾಡಬಹುದು, ತಿರುವನ್ನು ಬಿಗಿ ಮಾಡಬಹುದು. ಆದರೆ ಅದು ಕೊರಿಯ ಎನಿಸಬೇಕಾದರೆ ರೈಲು ಎಡ ಹಳಿಯಲ್ಲೇ ಓಡಬೇಕು. ಗದ್ದೆಯ ಆಚೆ ಗೋಡೆಯ ಮೇಲೆ ಸಂಖ್ಯೆ ಬರೆದ ಸಾಲು ಸಾಲು ಅಪಾರ್ಟ್‌ಮೆಂಟ್‌ಗಳಿರಬೇಕು. ಗುಡ್ಡ, ಸುರಂಗ, ಹಂಗುಲ್ ಲಿಪಿಯ ನಾಮಫಲಕ ಬೇಕು. ರೈಲನ್ನು ದುಡ್ಡು ಕೊಟ್ಟು ತರಬಹುದು, ಊರನ್ನು ಬಲ್ಲವರೇ ಮಾಡಬೇಕು.

ಕೊರಿಯದ ರೈಲು ನಮಗೆ ಅಷ್ಟೇನೂ ದೂರದ್ದಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಆರಂಭವಾದ ನಮ್ಮ ಮೆಟ್ರೊಗೆ ರೈಲು ಒದಗಿಸಿದ ಕೂಟದಲ್ಲಿ ಬಿಇಎಂಎಲ್ ಜೊತೆ ಹ್ಯುಂಡೈ ರೋಟೆಮ್ ಇತ್ತು. ಮೆಟ್ರೊ ಹಳಿಯೂ 1435 ಮಿ.ಮೀ. ಕೊರಿಯದ ನಂಟಿರುವ ಕನ್ನಡನಾಡಿನ ರೈಲನ್ನೇ ಮಾಡುವ ಆಸೆ ಇದ್ದವರಿಗೆ ಆ ಮೊದಲ ಮೂರು ಬೋಗಿಗಳ ಮೆಟ್ರೊ ಒಳ್ಳೆಯ ಆರಂಭ.

ನಮ್ಮ ಹಳಿಯ ಲೆಕ್ಕ

ಕೊಂಕಣ ರೈಲಿನ ಲೆಕ್ಕ ಬೇರೆ. ಬ್ರಾಡ್‌ಗೇಜ್ 1676 ಮಿ.ಮೀ.; ಎಚ್‌ಒ ಅಳತೆಯಲ್ಲಿ 19.3 ಮಿ.ಮೀ. ಆಗಬೇಕು. 16.5ರ ಹಳಿಯನ್ನೇ ಬಳಸಿದರೆ ಬೋಗಿಯ ಕಾಲು ಒಳಕ್ಕೆ ಸೇರಿದಂತೆ ಕಾಣುತ್ತದೆ. ಕೆಲವರು ಅದನ್ನು ಒಪ್ಪಿಕೊಂಡು ಮುಂದೆ ಹೋಗುತ್ತಾರೆ, ಪಟ್ಟು ಹಿಡಿದವರು ಹಳಿಯನ್ನೂ ಕೈಯಲ್ಲೇ ಹಾಕುತ್ತಾರೆ. ಮತ್ಸ್ಯಗಂಧ ರೈಲಿನ ಒಂದು ಎಲ್‌ಎಚ್‌ಬಿ ಮಾದರಿಯ ಬೋಗಿ ಎಚ್‌ಒದಲ್ಲಿ ಸುಮಾರು 27 ಸೆಂ.ಮೀ.; ಇಪ್ಪತ್ತು ಬೋಗಿ ಜೋಡಿಸಿದರೆ ಐದೂವರೆ ಮೀಟರ್ ಹತ್ತಿರ. ಈ ಮಾರ್ಗದಲ್ಲಿ ಅತಿ ಬಿಗಿಯಾದ ತಿರುವಿನ ತ್ರಿಜ್ಯವೇ 1250 ಮೀಟರ್. ಅಳತೆಗೆ ಇಳಿಸಿದರೂ 14 ಮೀಟರ್ ದಾಟುತ್ತದೆ. ರೋಹಾದಿಂದ ತೋಕೂರಿನವರೆಗಿನ 741 ಕಿ.ಮೀ. ಎಂಟೂವರೆ ಕಿ.ಮೀ. ಆಗುತ್ತದೆ! ಆದ್ದರಿಂದ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬ ಆಯ್ಕೆಯಲ್ಲೇ ಈ ಕಸುಬಿನ ಜಾಣತನವಿದೆ.

ನಾವುಂದದ ಮಟ್ಟಿಗೆ ಉಳಿಸಿಕೊಳ್ಳಬೇಕಾದ್ದು ಮಣ್ಣು, ನೀರು, ಹಸಿರು. ಮೊದಲು ಕಾಲ ಗೊತ್ತು ಮಾಡಿಕೊಳ್ಳಬೇಕು. ಬೇಸಿಗೆಯಾದರೆ ಮುರಕಲ್ಲಿನ ಕಡಿತ ಒಣಗಿ ಬಿಳಿಚಿಕೊಂಡಿರುತ್ತದೆ. ಆಸಾಡಿಯಾದರೆ ಅದೇ ಗೋಡೆ ನೆನೆದು ಕಡುಗೆಂಪಾಗಿ, ಮೇಲೆ ಪಾಚಿ ಹಿಡಿದು, ಗದ್ದೆ ತುಂಬ ನೀರು ನಿಂತಿರುತ್ತದೆ. ರೈಲು ಕೂಡ ಮಳೆಗಾಲದ ವೇಳಾಪಟ್ಟಿಯಂತೆ ನಿಧಾನ. ಥರ್ಮೊಕೋಲ್ ಕೊರೆದು ಪ್ಲಾಸ್ಟರ್ ಬಳಿದರೆ ಗುಡ್ಡವಾಯಿತು. ಅದರ ಮೇಲೆ ಊರಿನಿಂದಲೇ ತಂದ ಮುರಕಲ್ಲಿನ ಪುಡಿಯನ್ನು ಜರಡಿ ಹಿಡಿದು ಅಂಟಿಸಿದರೆ ಬಣ್ಣ ತಪ್ಪುವುದಿಲ್ಲ. ಹಳಿಯ ನಡುವೆ ಸಣ್ಣ ಜಲ್ಲಿ ಹರಡಿ, ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ತೊಟ್ಟು ಸಾಬೂನು ನೀರು ಹಾಕಿ ಡ್ರಾಪರ್‌ನಿಂದ ಬಿಡಬೇಕು. ಸಾಬೂನು ಇಲ್ಲದಿದ್ದರೆ ಅಂಟು ಜಲ್ಲಿಯೊಳಗೆ ಇಳಿಯುವುದಿಲ್ಲ. ತೆಂಗಿಗೆ ತಂತಿ, ನಾರು, ಸೀಳಿದ ಕಾಗದ. ಹೊಳೆಗೆ ರೆಸಿನ್ ಪದರ.

ಎಲ್ಲಿಂದ ಆರಂಭ?

ಕಲಿಯಲು ಹತ್ತಿರದ ಜಾಗಗಳಿವೆ. ಪುಣೆಯಲ್ಲಿ 1998ರಲ್ಲಿ ತೆರೆದ ಜೋಶಿಯವರ ಕಿರು ರೈಲು ಸಂಗ್ರಹಾಲಯದಲ್ಲಿ ಓಡುವ ಮಾದರಿಯನ್ನೇ ನೋಡಬಹುದು. 1979ರಲ್ಲಿ ಆರಂಭವಾದ ಮೈಸೂರಿನ ರೈಲು ಸಂಗ್ರಹಾಲಯದಲ್ಲಿ ನಿಜವಾದ ಹಳೆಯ ಇಂಜಿನ್, ಬೋಗಿಗಳ ಪಕ್ಕದಲ್ಲೇ ನಿಂತು ಗಮನಿಸಬಹುದು. ನಮ್ಮ ಕರಾವಳಿಯಲ್ಲಿ ಫೋಮ್‌ಶೀಟ್ ಕತ್ತರಿಸಿ ಊರಿನ ಬಸ್ಸುಗಳ ಮಾದರಿ ಮಾಡುವ ಹುಡುಗರಿದ್ದಾರೆ. ಬಸ್ಸಿನ ಕಿಟಕಿಯ ಸರಳನ್ನೂ ಬಿಡದೆ ಮಾಡುವ ಆ ಕೈಗಳಿಗೆ ಬೋಗಿ ಭಾರವಲ್ಲ.

ಮೊದಲ ಕೆಲಸಕ್ಕೆ ಬಿಜೂರು ನಿಲ್ದಾಣದ ಒಂದು ತುಂಡು ಸಾಕು: ಪ್ಲಾಟ್‌ಫಾರ್ಮ್, ಹಳದಿ ನಾಮಫಲಕ, ಕಾಂಕ್ರೀಟ್ ಸ್ಲೀಪರ್, 2022ರಲ್ಲಿ ಪೂರ್ಣಗೊಂಡ ವಿದ್ಯುದೀಕರಣದ ಕಂಬಗಳು. ಅಳತೆಗೆಂದು ಹಳಿಗೆ ಇಳಿಯಬೇಡಿ; ಪ್ಲಾಟ್‌ಫಾರ್ಮಿನಿಂದ ತೆಗೆದ ಫೋಟೊದಲ್ಲಿ 1676 ಮಿ.ಮೀ. ಹಳಿಯನ್ನೇ ಅಳತೆಕೋಲು ಮಾಡಿಕೊಂಡರೆ ಉಳಿದುದರ ಅಂದಾಜು ಸಿಗುತ್ತದೆ. ಪರದೇಶದಲ್ಲಿರುವವರು ಊರಿನ ತಮ್ಮನಿಂದಲೋ ತಂಗಿಯಿಂದಲೋ ಫೋಟೊ ತರಿಸಿಕೊಳ್ಳಬಹುದು. ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಗದ್ದೆಯ ಅಂಚು ಎಲ್ಲಿ, ಹೊಳೆ ಯಾವ ಕಡೆಗೆ ಹರಿಯುತ್ತದೆ ಎಂದು ಹೇಳುತ್ತಾ ಕಟ್ಟಬಹುದು. ಒಪ್ಪುವ ಇಂಜಿನ್ ಸಿಗಲು ತಡವಾದೀತು. ಊರನ್ನು ಕಟ್ಟುವುದಕ್ಕೆ ಅದು ಬರುವ ತನಕ ಕಾಯಬೇಕಾಗಿಲ್ಲ.