ಓಡುವ ಚೆಂಡು ಮಸುಕಾಗುವುದೇಕೆ? – ಎಲ್‌ಸಿಡಿ, ಪ್ಲಾಸ್ಮಾ ಪರದೆಗಳ ಭೌತವಿಜ್ಞಾನ

ಸುದ್ದಿ ವಾಹಿನಿಗಳಲ್ಲಿ ಪರದೆಯ ಕೆಳಭಾಗದಲ್ಲಿ ಬಲದಿಂದ ಎಡಕ್ಕೆ ಅಕ್ಷರಗಳ ಸಾಲೊಂದು ಹರಿಯುತ್ತಿರುವುದನ್ನು ನೀವು ಗಮನಿಸಿರಬಹುದು. ಅದರಲ್ಲಿ ಒಂದು ಪದವನ್ನು ಆರಿಸಿಕೊಂಡು, ಅದರ ಜೊತೆಜೊತೆಗೇ ಕಣ್ಣು ಹೊರಳಿಸುತ್ತ ನೋಡಿ. ಸಾಮಾನ್ಯ ಎಲ್‌ಸಿಡಿ ಟಿವಿಯಲ್ಲಾದರೆ ಅಕ್ಷರಗಳ ಅಂಚು ಕಲಸಿದಂತೆ ಕಾಣುತ್ತದೆ. ಈಗ ಮೊಬೈಲ್ ಕ್ಯಾಮೆರಾವನ್ನು ಅಲುಗಾಡದಂತೆ ಹಿಡಿದು, ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಕಿರು ಅವಧಿಯಲ್ಲಿ ಅದೇ ಸಾಲಿನ ಚಿತ್ರ ತೆಗೆಯಿರಿ. ಚಿತ್ರದಲ್ಲಿ ಅಕ್ಷರಗಳು ಬಹುಮಟ್ಟಿಗೆ ಸ್ಪಷ್ಟವಾಗಿಯೇ ಇರುತ್ತವೆ! ಹಾಗಾದರೆ ಆ ಮಸುಕು ಇರುವುದು ಪರದೆಯ ಮೇಲೋ, ನಮ್ಮ ಕಣ್ಣಿನಲ್ಲೋ?

ಚಪ್ಪಟೆ ಪರದೆಯ ಟಿವಿಗಳು ಮನೆಮನೆಗೆ ಬರತೊಡಗಿದ 2000ರ ದಶಕದಲ್ಲಿ ಕೊಳ್ಳುವವರನ್ನೆಲ್ಲ ಕಾಡಿದ ಪ್ರಶ್ನೆ, ಎಲ್‌ಸಿಡಿಯೋ ಪ್ಲಾಸ್ಮಾವೋ ಎಂಬುದು. ಕ್ರಿಕೆಟ್, ಫುಟ್‌ಬಾಲ್ ನೋಡುವವರಿಗೆ ಪ್ಲಾಸ್ಮಾ ಒಳ್ಳೆಯದೆಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತಿತ್ತು. ಮುಂದೆ ಮಾರುಕಟ್ಟೆಯೇ ಈ ವಾದವನ್ನು ಮುಗಿಸಿತು. ಪ್ಯಾನಸೋನಿಕ್ 2013ರ ಕೊನೆಗೆ ಪ್ಲಾಸ್ಮಾ ಫಲಕಗಳ ತಯಾರಿಕೆ ನಿಲ್ಲಿಸಿತು. ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರಲ್ಲಿ ಅದೇ ದಾರಿ ಹಿಡಿದವು. ಆದರೂ ಆ ಹೋಲಿಕೆಯನ್ನು ಇಂದು ಮತ್ತೆ ಕೈಗೆತ್ತಿಕೊಳ್ಳಲು ಕಾರಣವಿದೆ. ಅಂದು ಎದ್ದ ಪ್ರಶ್ನೆಗಳೇ ಇಂದು ‘ಎಲ್‌ಇಡಿ’, ‘ಓಎಲ್‌ಇಡಿ’ ಎಂಬ ಹೆಸರಿನ ಟಿವಿಗಳ ಮುಂದೆಯೂ ನಿಂತಿವೆ. ತಿಂಗಳ ಸಂಬಳವನ್ನೇ ತೆತ್ತು ಟಿವಿ ಕೊಳ್ಳುವವರು ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ನಂಬಿ ನಿರ್ಧರಿಸಬೇಕಾಗಿದೆ. ಆ ಅಂಕಿಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿಯಲು ಪ್ರೌಢಶಾಲೆ, ಪಿಯುಸಿ ಮಟ್ಟದ ಭೌತವಿಜ್ಞಾನ ಸಾಕು.

ಒಂದು ಕಿಟಕಿ, ಇನ್ನೊಂದು ದೀಪ

ಎಲ್‌ಸಿಡಿ ಎಂದರೆ ದ್ರವ ಸ್ಫಟಿಕಗಳಿಂದಾದ ಪರದೆ. ದ್ರವದಂತೆ ಹರಿದರೂ ಸ್ಫಟಿಕದಂತೆ ಅಣುಗಳು ಒಂದು ದಿಕ್ಕಿಗೆ ಸಾಲಾಗಿರುವ ಈ ವಿಚಿತ್ರ ಸ್ಥಿತಿಯನ್ನು 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಗಮನಿಸಿದ. ಈ ಪರದೆಯ ಪ್ರತಿ ಚಿತ್ರಬಿಂದುವೂ ಒಂದು ಕಿರುಕಿಟಕಿ ಇದ್ದಂತೆ. ಹಿಂದೆ ದೀಪ ಸದಾ ಉರಿಯುತ್ತಿರುತ್ತದೆ. ಎರಡು ಧ್ರುವೀಕಾರಕ ಹಾಳೆಗಳ ನಡುವೆ ಇರುವ ದ್ರವ ಸ್ಫಟಿಕದ ತೆಳು ಪದರವು ಬೆಳಕಿನ ಧ್ರುವೀಕರಣದ ದಿಕ್ಕನ್ನು ತಿರುಗಿಸುತ್ತದೆ. ವಿದ್ಯುತ್ ವಿಭವವನ್ನು ಹೆಚ್ಚು ಕಡಿಮೆ ಮಾಡಿದರೆ ಅಣುಗಳು ಹೊರಳುತ್ತವೆ. ಹೊರಬರುವ ಬೆಳಕೂ ಹೆಚ್ಚು ಕಡಿಮೆಯಾಗುತ್ತದೆ. ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಕ್ಯಾಲ್ಕುಲೇಟರಿನ ಪರದೆಯನ್ನು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ. ಅಲ್ಲಿಂದ ಬರುವ ಬೆಳಕು ಧ್ರುವೀಕೃತ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಡ.

ಪ್ಲಾಸ್ಮಾ ಪರದೆಯ ಪ್ರತಿ ಚಿತ್ರಬಿಂದುವಾದರೋ ತಾನೇ ದೀಪ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಮತ್ತು ರಾಬರ್ಟ್ ವಿಲ್ಸನ್ ಇದನ್ನು ರೂಪಿಸಿದರು. ಕಂಪ್ಯೂಟರಿನ ಮೂಲಕ ಪಾಠ ಹೇಳುವ ‘ಪ್ಲೇಟೋ’ ಎಂಬ ವ್ಯವಸ್ಥೆಗೆ ಅವರಿಗೊಂದು ಪರದೆ ಬೇಕಿತ್ತು. ಟಿವಿಯ ಪ್ಲಾಸ್ಮಾ ಫಲಕದ ಕಿರುಕೋಶಗಳಲ್ಲಿ ನಿಯಾನ್ ಮತ್ತು ಕ್ಸೆನಾನ್ ಅನಿಲಗಳ ಮಿಶ್ರಣವಿರುತ್ತದೆ. ವಿದ್ಯುತ್ ಸ್ಪಂದ ಹಾಯಿಸಿದಾಗ ಅನಿಲ ಅಯಾನೀಕರಣಗೊಂಡು, ಕ್ಸೆನಾನ್ ಪರಮಾಣುಗಳು ಮುಖ್ಯವಾಗಿ 147 ನ್ಯಾನೋಮೀಟರ್ ತರಂಗದೂರದ ಅತಿನೇರಳೆ ಕಿರಣಗಳನ್ನು ಸೂಸುತ್ತವೆ. ಕೋಶದ ಗೋಡೆಗೆ ಬಳಿದ ಫಾಸ್ಫರ್ ಲೇಪ ಇವನ್ನು ಹೀರಿ ಕೆಂಪು, ಹಸಿರು ಅಥವಾ ನೀಲಿ ಬೆಳಕು ಕೊಡುತ್ತದೆ. ನಮ್ಮ ಟ್ಯೂಬ್‌ಲೈಟ್ ಉರಿಯುವುದೂ ಹೀಗೆಯೇ. ಅಲ್ಲಿ ಅತಿನೇರಳೆ ಕಿರಣ ಪಾದರಸದ ಆವಿಯಿಂದ ಬರುತ್ತದೆ, ಅಷ್ಟೆ.

ಸ್ಫಟಿಕ ಹೊರಳಲು ಬೇಕಾದ ಕಾಲ

ಎಲ್‌ಸಿಡಿಯಲ್ಲಿ ಚಲಿಸುವ ಚಿತ್ರ ಮಸುಕಾಗಲು ಎಲ್ಲರೂ ಕೊಡುತ್ತಿದ್ದ ಕಾರಣ, ದ್ರವ ಸ್ಫಟಿಕದ ಮಂದಗತಿ. ಇದರಲ್ಲಿ ಹುರುಳಿದೆ. ವಿದ್ಯುತ್ತನ್ನು ತೆಗೆದ ಮೇಲೆ ಅಣುಗಳು ಮೊದಲಿನ ಸ್ಥಿತಿಗೆ ಮರಳುವ ಕಾಲವು ದ್ರವದ ಸ್ನಿಗ್ಧತೆಗೂ ಪದರದ ದಪ್ಪದ ವರ್ಗಕ್ಕೂ ನೇರ ಅನುಪಾತದಲ್ಲಿರುತ್ತದೆ. ಸ್ಥಿತಿಸ್ಥಾಪಕ ಗುಣಾಂಕಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಪದರವನ್ನು 4 ಮೈಕ್ರೋಮೀಟರಿನಿಂದ 3 ಮೈಕ್ರೋಮೀಟರಿಗೆ ಇಳಿಸಿದರೆ ಕಾಲವು ಹದಿನಾರರಲ್ಲಿ ಒಂಬತ್ತು ಪಾಲಿಗೆ, ಅಂದರೆ ಸುಮಾರು ಶೇಕಡಾ 56ಕ್ಕೆ ಇಳಿಯುತ್ತದೆ. ತೆಳು ಪದರ, ಕಡಿಮೆ ಸ್ನಿಗ್ಧತೆಯ ದ್ರವ, ಬೇಗ ಹೊರಳಲೆಂದು ಕ್ಷಣಕಾಲ ಹೆಚ್ಚು ವಿಭವ ಕೊಡುವ ಉಪಾಯ – ಇವೆಲ್ಲ ಸೇರಿ, 20 ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದ ಪ್ರತಿಕ್ರಿಯಾ ಕಾಲವನ್ನು ಕೆಲವೇ ವರ್ಷಗಳಲ್ಲಿ ಒಂದಂಕಿಗೆ ತಂದವು.

ವಿಚಿತ್ರವೆಂದರೆ ಮಸುಕು ಅದೇ ಪ್ರಮಾಣದಲ್ಲಿ ಕಡಿಮೆಯಾಗಲಿಲ್ಲ. ಅಂದರೆ ಬೇರೊಂದು ಕಾರಣವೂ ಇರಬೇಕು.

ಮಸುಕಿನ ಲೆಕ್ಕ

ಮೈದಾನದಲ್ಲಿ ಓಡುವ ಚೆಂಡು ಎಡೆಬಿಡದೆ ಸಾಗುತ್ತದೆ. ಪರದೆಯ ಮೇಲಿನ ಚೆಂಡು ಹಾಗಲ್ಲ. ಒಂದು ಫ್ರೇಮಿನ ಅವಧಿಯುದ್ದಕ್ಕೂ ಒಂದೇ ಜಾಗದಲ್ಲಿ ನಿಂತು, ಮುಂದಿನ ಫ್ರೇಮಿನಲ್ಲಿ ಮುಂದಿನ ಜಾಗಕ್ಕೆ ಜಿಗಿಯುತ್ತದೆ. ನಮ್ಮ ಕಣ್ಣು ಮಾತ್ರ ನಿಲ್ಲುವುದಿಲ್ಲ; ಚೆಂಡು ಸಾಗುತ್ತಿದೆ ಎಂದೇ ತಿಳಿದು ಸಮವೇಗದಲ್ಲಿ ಹಿಂಬಾಲಿಸುತ್ತದೆ. ನಿಂತ ಚಿತ್ರ, ಚಲಿಸುವ ಕಣ್ಣು – ಫಲವಾಗಿ ಅಕ್ಷಿಪಟಲದ ಮೇಲೆ ಚಿತ್ರ ಹಿಂದಕ್ಕೆ ಎಳೆದಂತಾಗುತ್ತದೆ. ಕ್ಯಾಮೆರಾವನ್ನು ಅಲುಗಿಸುತ್ತ ಫೋಟೋ ತೆಗೆದಾಗ ಆಗುವುದೂ ಇದೇ. ಇದನ್ನು ಹೀಗೆ ಬರೆಯಬಹುದು:

ಮಸುಕಿನ ಉದ್ದ = ಪರದೆಯ ಮೇಲಿನ ವೇಗ × ಪ್ರತಿ ಫ್ರೇಮಿನಲ್ಲಿ ಬೆಳಕು ನಿಲ್ಲುವ ಅವಧಿ

42 ಇಂಚಿನ ಟಿವಿಯ ಅಗಲ ಸುಮಾರು 93 ಸೆಂಟಿಮೀಟರ್. ಚೆಂಡು ಈ ಅಗಲವನ್ನು ಒಂದು ಸೆಕೆಂಡಿನಲ್ಲಿ ದಾಟುತ್ತದೆ ಎಂದುಕೊಳ್ಳಿ. ಸೆಕೆಂಡಿಗೆ 50 ಫ್ರೇಮುಗಳಿದ್ದರೆ ಪ್ರತಿ ಫ್ರೇಮಿನ ಅವಧಿ 20 ಮಿಲಿಸೆಕೆಂಡು. ಎಲ್‌ಸಿಡಿಯಲ್ಲಿ ಬೆಳಕು ಅಷ್ಟೂ ಹೊತ್ತು ನಿಂತಿರುತ್ತದೆ. ಆಗ ಮಸುಕಿನ ಉದ್ದ ಸುಮಾರು 1.9 ಸೆಂಟಿಮೀಟರ್. ದ್ರವ ಸ್ಫಟಿಕ ಕಣ್ಣೆವೆಯಿಕ್ಕುವ ಮೊದಲೇ ಹೊರಳಿದರೂ ಈ ಸಂಖ್ಯೆ ಬದಲಾಗದು!

ಪ್ಲಾಸ್ಮಾದಲ್ಲಿ ಬೆಳಕು ಬಿಡಿಬಿಡಿ ಸ್ಪಂದಗಳಾಗಿ ಬಂದು ಆರುತ್ತದೆ. ಬೆಳಕಿನ ಹೆಚ್ಚಿನ ಪಾಲು 5 ಮಿಲಿಸೆಕೆಂಡಿನಲ್ಲಿ ಬಂತೆಂದು ಇಟ್ಟುಕೊಂಡರೆ ಮಸುಕಿನ ಉದ್ದ ಅರ್ಧ ಸೆಂಟಿಮೀಟರಿಗೂ ಕಡಿಮೆ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಪ್ರತಿ ಬಿಂದುವೂ ಕ್ಷಣಮಾತ್ರ ಮಿನುಗಿ ಆರುತ್ತಿದ್ದುದರಿಂದ ಅಲ್ಲಿ ಈ ತೊಂದರೆ ಇನ್ನೂ ಕಡಿಮೆಯಿತ್ತು. ಪಂದ್ಯಕ್ಕೆ ಪ್ಲಾಸ್ಮಾ ಒಳ್ಳೆಯದೆಂಬ ಮಾತಿನ ಹಿಂದಿದ್ದ ವಿಜ್ಞಾನ ಇದು.

ಎಲ್‌ಸಿಡಿ ತಯಾರಕರು ಇದಕ್ಕೆ ಎರಡು ಪರಿಹಾರ ಹುಡುಕಿದರು. ಒಂದು, ಎರಡು ಫ್ರೇಮುಗಳ ನಡುವೆ ಲೆಕ್ಕಹಾಕಿ ಹೊಸ ಚಿತ್ರವೊಂದನ್ನು ಸೇರಿಸುವುದು. ಸೆಕೆಂಡಿಗೆ 100 ಚಿತ್ರಗಳಾದರೆ ಮಸುಕು ಅರ್ಧಕ್ಕಿಳಿಯುತ್ತದೆ. ಗಮನಿಸಿ: ಅದೇ ಚಿತ್ರವನ್ನು ಎರಡು ಸಲ ತೋರಿಸಿ ‘100 ಹರ್ಟ್ಸ್’ ಎಂದರೆ ಪ್ರಯೋಜನವಿಲ್ಲ. ಇನ್ನೊಂದು, ಫ್ರೇಮುಗಳ ನಡುವೆ ಕ್ಷಣಕಾಲ ಹಿಂಬೆಳಕನ್ನು ಆರಿಸುವುದು. ಆಗ ಮಸುಕು ಇಳಿಯುತ್ತದೆ. ಜೊತೆಗೆ ಹೊಳಪೂ ಇಳಿಯುತ್ತದೆ.

ಪ್ಲಾಸ್ಮಾದ ಕುಂದುಗಳು

ಪ್ಲಾಸ್ಮಾ ಕೋಶಕ್ಕೆ ಗೊತ್ತಿರುವುದು ಉರಿಯುವುದು, ಆರುವುದು ಎರಡೇ. ಮಂದವಾಗಿ ಉರಿಯಲು ಅದಕ್ಕೆ ಬಾರದು. ಆದ್ದರಿಂದ ಒಂದು ಫ್ರೇಮನ್ನು 1, 2, 4, 8 ಹೀಗೆ ತೂಕದ ಬಟ್ಟುಗಳಂತಹ ಉಪಭಾಗಗಳಾಗಿ ಒಡೆದು, ಬೇಕಾದವುಗಳಲ್ಲಿ ಮಾತ್ರ ಉರಿಸಿ, ಕಣ್ಣಿಗೆ ಸರಾಸರಿ ಹೊಳಪನ್ನು ತೋರಿಸುತ್ತಿದ್ದರು. ಕಣ್ಣು ಚಲಿಸುವಾಗ ಈ ಸರಾಸರಿ ತಪ್ಪುತ್ತದೆ. ಆಟಗಾರನ ಮುಖದಂತಹ ನಯವಾದ ಭಾಗಗಳಲ್ಲಿ ಇಲ್ಲದ ಗೆರೆಗಳು ಮೂಡುತ್ತವೆ. ಹಸಿರು ಫಾಸ್ಫರ್ ನಿಧಾನವಾಗಿ ಆರುವುದರಿಂದ ಬಿಳಿಯ ವಸ್ತುಗಳ ಹಿಂದೆ ಹಳದಿ-ಹಸಿರು ಬಾಲವೂ ಕಾಣಿಸುವುದುಂಟು.

ಇದಕ್ಕಿಂತ ದೊಡ್ಡ ತೊಂದರೆ ಅಚ್ಚೊತ್ತುವಿಕೆ. ಹೆಚ್ಚು ಉರಿದ ಫಾಸ್ಫರ್ ಬೇಗ ಸವೆಯುತ್ತದೆ. ಐದು ದಿನಗಳ ಟೆಸ್ಟ್ ಪಂದ್ಯದಲ್ಲಿ ರನ್ ಪಟ್ಟಿಯೂ ವಾಹಿನಿಯ ಲಾಂಛನವೂ ಒಂದೇ ಜಾಗದಲ್ಲಿ ನಿಂತಿರುತ್ತವೆ. ವಿಡಿಯೋ ಗೇಮಿನಲ್ಲಿ ಅಂಕ, ನಕ್ಷೆ, ಶಕ್ತಿಸೂಚಿಗಳು ಗಂಟೆಗಟ್ಟಲೆ ಕದಲುವುದಿಲ್ಲ. ದಿನವೂ ಹೀಗಾದರೆ ಆ ಗುರುತು ಪರದೆಯ ಮೇಲೆ ಕಾಯಂ ಆಗಿ ಉಳಿದೀತು. ವಿದ್ಯುತ್ತಿನ ಖರ್ಚು ಹೆಚ್ಚು. ಕಿಟಕಿಯಿಂದ ಬಿಸಿಲು ಬೀಳುವ ಕೋಣೆಯಲ್ಲಿ ಚಿತ್ರ ಸಪ್ಪೆ. ಹಗಲು ಪಂದ್ಯ ನೋಡುವವರಿಗೆ ಈ ಕೊನೆಯ ಅಂಶ ಸಣ್ಣದೇನಲ್ಲ.

ಆಟ ನೋಡುವುದು ಬೇರೆ, ಆಡುವುದು ಬೇರೆ

ಪಂದ್ಯ ನೋಡಲು ಒಳ್ಳೆಯ ಟಿವಿ ವಿಡಿಯೋ ಗೇಮಿಗೂ ಒಳ್ಳೆಯದೆಂದು ಭಾವಿಸುವವರಿದ್ದಾರೆ. ಇವೆರಡರ ಬೇಡಿಕೆ ಬೇರೆ. ಮೈದಾನದ ಕ್ಯಾಮೆರಾದಲ್ಲಿಯೇ ಸ್ವಲ್ಪ ಮಸುಕು ಸೇರಿರುತ್ತದೆ. ಅದನ್ನು ಯಾವ ಟಿವಿಯೂ ತೆಗೆಯಲಾರದು. ಗೇಮಿನ ಚಿತ್ರವನ್ನು ಲೆಕ್ಕಹಾಕಿ ಬಿಡಿಸಿರುವುದರಿಂದ ಅದು ಸಾಮಾನ್ಯವಾಗಿ ಚೊಕ್ಕವಾಗಿರುತ್ತದೆ, ಪರದೆಯ ದೋಷ ಎದ್ದು ಕಾಣುತ್ತದೆ.

ಎರಡನೆಯದು ವಿಳಂಬ. ಗುಂಡಿ ಒತ್ತಿದ ಮೇಲೆ ಅದರ ಪರಿಣಾಮ ಪರದೆಯ ಮೇಲೆ ಕಾಣಲು ತಗಲುವ ಕಾಲಕ್ಕೂ ಪೆಟ್ಟಿಗೆಯ ಮೇಲೆ ಬರೆದ ಪ್ರತಿಕ್ರಿಯಾ ಕಾಲಕ್ಕೂ ಸಂಬಂಧವಿಲ್ಲ. ಚಿತ್ರವನ್ನು ತಿದ್ದಿ ತೀಡಲು ಟಿವಿಯೊಳಗಿನ ಸಂಸ್ಕಾರಕ ಕೆಲವು ಫ್ರೇಮುಗಳನ್ನು ತಡೆಹಿಡಿಯುತ್ತದೆ. ಸೆಕೆಂಡಿಗೆ 60 ಫ್ರೇಮಿನ ಲೆಕ್ಕದಲ್ಲಿ ಐದು ಫ್ರೇಮುಗಳೆಂದರೆ ಸುಮಾರು 83 ಮಿಲಿಸೆಕೆಂಡು. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಬೇಕಾಗುವ ಕಾಲ ಸುಮಾರು 200 ಮಿಲಿಸೆಕೆಂಡು. ಅದಕ್ಕೆ ಇನ್ನೂ 83 ಸೇರಿದರೆ ಆಟಗಾರ ಸೋಲುವುದು ತನ್ನ ಕೈಯಿಂದಲ್ಲ, ಟಿವಿಯಿಂದ.

ಇಲ್ಲೊಂದು ಸ್ವಾರಸ್ಯವಿದೆ. ಎರಡು ಫ್ರೇಮುಗಳ ನಡುವಿನ ಚಿತ್ರವನ್ನು ಲೆಕ್ಕಹಾಕಬೇಕಾದರೆ ಮುಂದಿನ ಫ್ರೇಮು ಬರುವವರೆಗೆ ಕಾಯಲೇಬೇಕು. ಅಂದರೆ ಪಂದ್ಯ ನೋಡುವವರಿಗೆ ಮಸುಕು ಕಡಿಮೆ ಮಾಡುವ ಉಪಾಯವೇ ಗೇಮ್ ಆಡುವವರಿಗೆ ವಿಳಂಬ ತರುತ್ತದೆ. ಪಂದ್ಯ ನೋಡುವವರಿಗೆ ಒಂದೆರಡು ಫ್ರೇಮು ತಡವಾದರೆ ನಷ್ಟವಿಲ್ಲ. ಇದಕ್ಕಾಗಿಯೇ ಟಿವಿಗಳಲ್ಲಿ ‘ಗೇಮ್ ಮೋಡ್’ ಇರುತ್ತದೆ. ಅದು ಈ ಸಂಸ್ಕರಣೆಯ ಬಹುಪಾಲನ್ನು ಕೈಬಿಡುತ್ತದೆ.

ಬದಿಯಲ್ಲಿ ಕೂತವರಿಗೆ

ದೊಡ್ಡ ಪಂದ್ಯವನ್ನು ಒಬ್ಬರೇ ಕುಳಿತು ನೋಡುವುದು ಅಪರೂಪ. ನೆಂಟರು, ನೆರೆಹೊರೆಯವರು ಕೋಣೆಯ ತುಂಬ ಕೂತಾಗ ಬದಿಯಲ್ಲಿದ್ದವರಿಗೆ ಎಲ್‌ಸಿಡಿಯ ಬಣ್ಣ ಕೆಡುತ್ತಿತ್ತು. ಓರೆಯಾಗಿ ಬರುವ ಬೆಳಕಿನ ಧ್ರುವೀಕರಣವನ್ನು ದ್ರವ ಸ್ಫಟಿಕದ ಅಣುಗಳು ಬೇರೆ ರೀತಿ ಬದಲಿಸುವುದೇ ಕಾರಣ. ಪ್ಲಾಸ್ಮಾಕ್ಕೆ ಈ ತೊಂದರೆಯಿಲ್ಲ.

ಈ ದೋಷವನ್ನು ತಗ್ಗಿಸಿದ ಉಪಾಯಗಳಲ್ಲೊಂದರ ಬೇರು ಬೆಂಗಳೂರಿನಲ್ಲಿದೆ. 1977ರವರೆಗೆ ಕಡ್ಡಿಯಂತೆ ಉದ್ದವಾದ ಅಣುಗಳು ಮಾತ್ರ ಹೀಗೆ ದ್ರವ ಸ್ಫಟಿಕವಾಗುತ್ತವೆ ಎಂಬ ನಂಬಿಕೆಯಿತ್ತು. ಆ ವರ್ಷ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು ತೋರಿಸಿದರು. (ಈ ಚಂದ್ರಶೇಖರ್, ನೊಬೆಲ್ ಪಡೆದ ಖಭೌತ ವಿಜ್ಞಾನಿ ಚಂದ್ರಶೇಖರ್ ಅಲ್ಲ; ಇಬ್ಬರೂ ಸರ್ ಸಿ. ವಿ. ರಾಮನ್ ಅವರ ಬಂಧುಗಳು.) ಮುಂದೆ ಜಪಾನಿನಲ್ಲಿ ಇಂತಹ ಬಿಲ್ಲೆ ಅಣುಗಳಿಂದ ತೆಳುಹಾಳೆ ತಯಾರಿಸಿ ಎಲ್‌ಸಿಡಿಗೆ ಅಂಟಿಸಿದರು. ಕಡ್ಡಿ ಅಣುಗಳು ಓರೆ ಬೆಳಕಿನಲ್ಲಿ ಮಾಡುವ ಏರುಪೇರನ್ನು ಬಿಲ್ಲೆ ಅಣುಗಳು ಸರಿದೂಗಿಸುತ್ತವೆ.

ಇಂದಿನ ಅಂಗಡಿಯಲ್ಲಿ

‘ಎಲ್‌ಇಡಿ ಟಿವಿ’ ಎಂದು ಮಾರುವುದು ಎಲ್‌ಸಿಡಿಯನ್ನೇ. ಹಿಂಬೆಳಕಿನ ದೀಪ ಮಾತ್ರ ಎಲ್‌ಇಡಿ. ಓಎಲ್‌ಇಡಿಯಲ್ಲಿ ಪ್ರತಿ ಬಿಂದುವೂ ತಾನೇ ಬೆಳಗುವ ಸಾವಯವ ದೀಪ. ಹೀಗಾಗಿ ಅದು ಪ್ಲಾಸ್ಮಾದ ಅಪ್ಪಟ ಕಪ್ಪನ್ನೂ ಬದಿಯಿಂದಲೂ ಕೆಡದ ಬಣ್ಣವನ್ನೂ ಪಡೆದಿದೆ. ಅಚ್ಚೊತ್ತುವಿಕೆಯ ಭಯವನ್ನೂ ಪಡೆದಿದೆ. ಅದರ ಬಿಂದುಗಳು ಒಂದು ಮಿಲಿಸೆಕೆಂಡಿಗಿಂತ ಬೇಗ ಬದಲಾಗುತ್ತವೆ. ಆದರೂ ಸೆಕೆಂಡಿಗೆ 50 ಫ್ರೇಮಿನ ಪಂದ್ಯದಲ್ಲಿ ಬೆಳಕು 20 ಮಿಲಿಸೆಕೆಂಡು ನಿಲ್ಲುವುದರಿಂದ ನಮ್ಮ ಸೂತ್ರ ಅದಕ್ಕೂ ಅದೇ 1.9 ಸೆಂಟಿಮೀಟರ್ ಮಸುಕನ್ನು ಕೊಡುತ್ತದೆ. ಸೆಕೆಂಡಿಗೆ 120 ಫ್ರೇಮು ಕೊಡಬಲ್ಲ ಗೇಮ್ ಯಂತ್ರ ಜೋಡಿಸಿದರೆ ಅದು 0.8 ಸೆಂಟಿಮೀಟರಿಗೆ ಇಳಿಯುತ್ತದೆ.

ಆದ್ದರಿಂದ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಬೆಳಕು ಎಷ್ಟು ಹೊತ್ತು ನಿಲ್ಲುತ್ತದೆ? ಗುಂಡಿ ಒತ್ತಿದ ಮೇಲೆ ಎಷ್ಟು ವಿಳಂಬ? ಒಂದೇ ಚಿತ್ರ ದಿನವೂ ಗಂಟೆಗಟ್ಟಲೆ ನಿಲ್ಲುವುದೇ? ಕೋಣೆಯಲ್ಲಿ ಬೆಳಕೆಷ್ಟು, ಜನರೆಷ್ಟು? ಬಿಸಿಲು ಬೀಳುವ ನಡುಮನೆಯಲ್ಲಿ ಹಗಲೆಲ್ಲ ಕ್ರಿಕೆಟ್ ನೋಡುವವರಿಗೆ ಒಳ್ಳೆಯ ಎಲ್‌ಸಿಡಿಯೇ ಸಾಕು, ಬೆಲೆಯೂ ಕಡಿಮೆ. ಮಬ್ಬು ಬೆಳಕಿನಲ್ಲಿ ಬಗೆಬಗೆಯ ಗೇಮ್ ಆಡುವವರು ಓಎಲ್‌ಇಡಿಯನ್ನು ಯೋಚಿಸಬಹುದು.

ಶಿಕ್ಷಕರು ಇದನ್ನು ತರಗತಿಯಲ್ಲಿ ಪ್ರಯೋಗವಾಗಿಸಬಹುದು. ಅಕ್ಷರದ ಸಾಲು ಪರದೆಯನ್ನು ದಾಟಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ಹಿಡಿದು ಅಳೆಯಿಸಿ. ಪರದೆಯ ಅಗಲವನ್ನು ಅಳತೆಪಟ್ಟಿಯಿಂದ ತಿಳಿದು ವೇಗ ಕಂಡುಹಿಡಿಯಲಿ. ಫ್ರೇಮಿನ ಅವಧಿಯಿಂದ ಗುಣಿಸಿ ಮಸುಕಿನ ಉದ್ದ ಬರೆಯಲಿ. ನಂತರ ಅದೇ ಸಾಲನ್ನು ಕಣ್ಣಿನಿಂದ ಹಿಂಬಾಲಿಸಿ ನೋಡಿ, ಕೊನೆಗೆ ಕ್ಯಾಮೆರಾದಲ್ಲಿ ಹಿಡಿದು ಹೋಲಿಸಲಿ. ಟಿವಿ ಕೊಳ್ಳಲು ಅಂಗಡಿಗೆ ಹೋಗುವ ತಂದೆತಾಯಿಯರ ಜೊತೆ ಇಂತಹ ವಿದ್ಯಾರ್ಥಿಯೊಬ್ಬರಿದ್ದರೆ, ಪೆಟ್ಟಿಗೆಯ ಮೇಲಿನ ‘1 ಮಿಲಿಸೆಕೆಂಡು’ ಎಂಬ ದಪ್ಪ ಅಕ್ಷರ ಕಂಡು ಯಾರೂ ಮರುಳಾಗಲಾರರು.