ಬೇಲಿ ದಾಟಿ ಬಂದ ಯಂತ್ರಮಾನವ

ಕಾರು ಕಾರ್ಖಾನೆಯ ಬೆಸುಗೆ ವಿಭಾಗದಲ್ಲಿ ಮನುಷ್ಯರು ಕಾಣಿಸುವುದು ಕಡಿಮೆ. ಜಾಲರಿ ಬೇಲಿಯೊಳಗೆ ರೋಬಾಟುಗಳ ಭಾರಿ ತೋಳುಗಳು ಕಿಡಿ ಹಾರಿಸುತ್ತ ಕಾರಿನ ಒಡಲನ್ನು ಬೆಸೆಯುತ್ತಿರುತ್ತವೆ. ಬೇಲಿಯ ಬಾಗಿಲು ತೆರೆದರೆ ಸಾಕು, ತೋಳುಗಳು ನಿಂತುಬಿಡುತ್ತವೆ. ಹುಲಿಯನ್ನು ಬೋನಿನಲ್ಲಿಡುವಂತೆ ಯಂತ್ರವನ್ನು ಒಳಗಿಟ್ಟು ಮನುಷ್ಯನನ್ನು ಹೊರಗೆ ನಿಲ್ಲಿಸುವುದೇ ಹಲವು ದಶಕಗಳಿಂದ ನಡೆದುಬಂದ ಸುರಕ್ಷತಾ ಕ್ರಮ.

ಈಗ ಕೆಲವು ಕಾರ್ಖಾನೆಗಳಲ್ಲಿ, ಕೆಲವು ಕೆಲಸಗಳಿಗೆ, ಈ ಬೇಲಿಯನ್ನು ತೆಗೆಯಲಾಗಿದೆ. ರೋಬಾಟ್ ಕಾರ್ಮಿಕನ ಮಗ್ಗುಲಲ್ಲೇ ನಿಂತು ದುಡಿಯುತ್ತಿದೆ. ಇಂಥ ಯಂತ್ರಕ್ಕೆ ‘ಕೋಬಾಟ್’ ಎಂಬ ಹೆಸರಿದೆ. ಸಹಯೋಗಿ ರೋಬಾಟ್ ಎಂದು ಇದರ ಅರ್ಥ. ಹಾಗಾದರೆ ಪಕ್ಕದಲ್ಲಿ ನಿಂತವನಿಗೆ ಅದರಿಂದ ಪೆಟ್ಟಾಗುವುದಿಲ್ಲವೇ?

ಬೇಲಿಗೆ ಕಾರಣ

ಕಾರ್ಖಾನೆಗೆ ಬಂದ ಮೊದಲ ರೋಬಾಟ್ ‘ಯುನಿಮೇಟ್’. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ, ಅಚ್ಚಿನಿಂದ ಆಗತಾನೆ ಹೊರಬಂದ ಸುಡುವ ಲೋಹದ ಭಾಗಗಳನ್ನು ಎತ್ತಿಡುವ ಕೆಲಸಕ್ಕೆ ಅದನ್ನು ಹಚ್ಚಲಾಯಿತು. ಅದಕ್ಕೆ ಶಕ್ತಿ ಇತ್ತು; ಆದರೆ ಎದುರಿಗೆ ಇರುವುದು ಲೋಹವೋ ಮನುಷ್ಯನೋ ಎಂಬುದು ತಿಳಿಯುತ್ತಿರಲಿಲ್ಲ.

ಈ ಕುರುಡುತನದ ಬೆಲೆ 1979ರ ಜನವರಿಯಲ್ಲಿ ತಿಳಿಯಿತು. ಮಿಚಿಗನ್ ರಾಜ್ಯದ ಫೋರ್ಡ್ ಎರಕದ ಕಾರ್ಖಾನೆಯಲ್ಲಿ 25 ವರ್ಷದ ಕಾರ್ಮಿಕನೊಬ್ಬ ಬಿಡಿಭಾಗಗಳನ್ನು ತರಲು ದಾಸ್ತಾನಿನ ಅಟ್ಟಣಿಗೆ ಏರಿದ್ದ. ಅದೇ ಕೆಲಸಕ್ಕೆ ಇದ್ದ ರೋಬಾಟಿನ ತೋಳು ಆತನ ತಲೆಗೆ ಬಡಿಯಿತು. ಆತ ಅಲ್ಲೇ ಮೃತಪಟ್ಟ. ರೋಬಾಟಿನಿಂದ ಸತ್ತ ಮೊದಲ ಮನುಷ್ಯ ಎಂದು ಚರಿತ್ರೆ ಆತನನ್ನು ಗುರುತಿಸುತ್ತದೆ. ಬೇಲಿಗಳು ಬಿಗಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಜೊತೆಗಾರನ ಆಗಮನ

ಆದರೆ ಕಾರಿನ ಅಂತಿಮ ಜೋಡಣೆಗೆ ಮನುಷ್ಯನ ಕೈಯೇ ಬೇಕು. ಬಳುಕುವ ತಂತಿ, ಮೆತ್ತನೆಯ ಹೊದಿಕೆಗಳನ್ನು ಕೂರಿಸಲು ಬೆರಳುಗಳಿಗಿರುವ ಜಾಣತನ ಯಂತ್ರಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಆದರೆ ಒಂದೇ ಚಲನೆಯನ್ನು ದಿನವಿಡೀ ಮಾಡುವ ಮಣಿಕಟ್ಟು, ಭುಜಗಳು ಸೋಲುತ್ತವೆ. ಬುದ್ಧಿ ಮನುಷ್ಯನದು, ಶ್ರಮ ಯಂತ್ರದ್ದು ಎಂದಾದರೆ ಹೇಗೆ? ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಡ್ವರ್ಡ್ ಕೋಲ್‌ಗೇಟ್ ಮತ್ತು ಮೈಕೆಲ್ ಪೆಷ್ಕಿನ್ 1996ರಲ್ಲಿ ರೂಪಿಸಿದ ಕೋಬಾಟಿನ ಹಿಂದೆ ಇದ್ದದ್ದು ಇದೇ ಯೋಚನೆ. ಅವರ ಯಂತ್ರ ತಾನಾಗಿ ಚಲಿಸುತ್ತಲೇ ಇರಲಿಲ್ಲ. ಮನುಷ್ಯ ತಳ್ಳಿದಾಗ ದಿಕ್ಕು ತೋರುತ್ತಿತ್ತು, ಅಷ್ಟೆ.

ತಾನೇ ಚಲಿಸುವ ಹಗುರ ತೋಳುಗಳು ಬಂದದ್ದು ಆನಂತರ. 2013ರಲ್ಲಿ ಅಮೆರಿಕದ ಸ್ಪಾರ್ಟನ್‌ಬರ್ಗ್‌ನ ಬಿಎಂಡಬ್ಲ್ಯು ಕಾರ್ಖಾನೆ ಅವನ್ನು ಬೇಲಿಯಿಲ್ಲದೆ ನಿಲ್ಲಿಸಿತು. ಕಾರಿನ ಬಾಗಿಲಿನ ಒಳಮೈಗೆ ಶಬ್ದ ಮತ್ತು ತೇವ ತಡೆಯುವ ಹಾಳೆಯನ್ನು ಕಾರ್ಮಿಕರು ಅಂಟಿಸುತ್ತಾರೆ. ಅದರ ಮೇಲೆ ಉರುಳೆಯಿಂದ ಒತ್ತುವ, ಕೈ ನೋಯಿಸುವ ಕೆಲಸವನ್ನು ರೋಬಾಟ್ ವಹಿಸಿಕೊಂಡಿತು.

ನಾಲ್ಕು ಉಪಾಯಗಳು

ಬೇಲಿಯಿಲ್ಲದ ಕಡೆ ಸುರಕ್ಷತೆಗೆ ನಾಲ್ಕು ಉಪಾಯಗಳಿವೆ. ಮೊದಲನೆಯದು, ಮನುಷ್ಯ ಹತ್ತಿರ ಬಂದಾಗ ಯಂತ್ರ ಪೂರ್ತಿ ನಿಲ್ಲುವುದು. ಎರಡನೆಯದು, ಮನುಷ್ಯ ಕೈಹಿಡಿದು ನಡೆಸಿದಾಗ ಮಾತ್ರ ಅದು ಚಲಿಸುವುದು.

ಮೂರನೆಯದು ಅಂತರದ ಲೆಕ್ಕ. ಲೇಸರ್ ಕಿರಣ ಅಥವಾ ಕ್ಯಾಮರಾ ಮನುಷ್ಯನ ದೂರವನ್ನು ಅಳೆಯುತ್ತಿರುತ್ತದೆ. ಮನುಷ್ಯ ಸೆಕೆಂಡಿಗೆ 1.6 ಮೀಟರ್ ವೇಗದಲ್ಲಿ ನಡೆದುಬರುತ್ತಾನೆಂದು ಅಂತರರಾಷ್ಟ್ರೀಯ ಮಾನಕ ಲೆಕ್ಕ ಹಿಡಿಯುತ್ತದೆ. ರೋಬಾಟ್ ನಿಲ್ಲಲು ಅರ್ಧ ಸೆಕೆಂಡು ಬೇಕೆಂದುಕೊಳ್ಳಿ. ಅಷ್ಟರಲ್ಲಿ ಆತ 80 ಸೆಂಟಿಮೀಟರ್ ಮುಂದೆ ಬಂದಿರುತ್ತಾನೆ. ರೋಬಾಟಿನ ತೋಳೂ ಒಂದಿಷ್ಟು ಮುಂದೆ ಸರಿದಿರುತ್ತದೆ. ಇವೆರಡನ್ನೂ ಕೂಡಿಸಿ, ಅದರ ಮೇಲೂ ಸ್ವಲ್ಪ ದೂರ ಸೇರಿಸಿ, ಎಲ್ಲಿ ನಿಲ್ಲಬೇಕೆಂದು ಯಂತ್ರಕ್ಕೆ ಮೊದಲೇ ಹೇಳಲಾಗಿರುತ್ತದೆ.

ನಾಲ್ಕನೆಯದು, ತಾಗಿದರೂ ಗಾಯವಾಗದಂತೆ ಬಲವನ್ನು ಮಿತಿಯಲ್ಲಿಡುವುದು. ಮಿಕ್ಸಿಯಲ್ಲಿ ಗಟ್ಟಿ ಪದಾರ್ಥ ಸಿಕ್ಕಿಕೊಂಡಾಗ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದಲ್ಲವೇ? ಕೋಬಾಟಿನ ಕೀಲುಗಳಲ್ಲಿಯೂ ಹೀಗೆಯೇ. ತೋಳಿಗೆ ಅಡ್ಡಿಯಾದೊಡನೆ ಕೀಲಿನ ಮೇಲಿನ ಒತ್ತಡ ಅಥವಾ ವಿದ್ಯುತ್ತಿನ ಏರಿಕೆಯಿಂದ ಯಂತ್ರಕ್ಕೆ ವಿಷಯ ತಿಳಿದು, ಅದು ನಿಲ್ಲುತ್ತದೆ.

ದೇಹದ ಅಳತೆ

ಮಿತಿ ಎಂದರೆ ಎಷ್ಟು? 2016ರಲ್ಲಿ ಪ್ರಕಟವಾದ ‘ಐಎಸ್‌ಒ 15066’ ಎಂಬ ಅಂತರರಾಷ್ಟ್ರೀಯ ದಾಖಲೆ ಮನುಷ್ಯ ದೇಹದ 29 ಬಿಂದುಗಳನ್ನು ಗುರುತಿಸಿ ಮಿತಿಗಳನ್ನು ಸೂಚಿಸಿತು. ಕೈಬೆರಳು ಸಿಕ್ಕಿಕೊಂಡರೆ 140 ನ್ಯೂಟನ್ ಮೀರಬಾರದು. ಇದು ಸುಮಾರು 14 ಕಿಲೋ ತೂಕದ ಭಾರ. ಮುಖಕ್ಕೆ 65 ನ್ಯೂಟನ್ ಮಾತ್ರ. ತಾಗಿ ಹಿಂದೆ ಸರಿಯಲು ಜಾಗವಿದ್ದರೆ ಬಹುತೇಕ ಅಂಗಗಳು ಇದರ ಎರಡರಷ್ಟು ಬಲವನ್ನು ತಾಳಬಲ್ಲವು. ತಲೆ ಮತ್ತು ಮುಖಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಬಾಗಿಲು ಮೈಗೆ ತಾಗುವುದು ಬೇರೆ, ಬಾಗಿಲ ಸಂದಿಗೆ ಬೆರಳು ಸಿಕ್ಕುವುದು ಬೇರೆ!

ವೇಗದ ವಿಷಯದಲ್ಲಿ ಶಾಲೆಯ ಭೌತವಿಜ್ಞಾನವೇ ಸಾಕು. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಆದ್ದರಿಂದಲೇ ಕೋಬಾಟುಗಳು ಮನುಷ್ಯರ ನಡುವೆ ನಿಧಾನವಾಗಿ ಚಲಿಸುತ್ತವೆ. ಬೇಗ ಮುಗಿಯಲೆಂದು ಯಾರಾದರೂ ವೇಗ ಹೆಚ್ಚಿಸಿದರೆ ಹಳೆಯ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಕೈಯಲ್ಲಿ ಏನಿದೆ?

ಇಷ್ಟೆಲ್ಲ ಇದ್ದರೂ ‘ಇದು ಸುರಕ್ಷಿತ ರೋಬಾಟ್’ ಎಂದು ಅಂಗಡಿಯಿಂದ ತಂದು ನಿಲ್ಲಿಸುವಂತಿಲ್ಲ. ಅದೇ ಸೌಮ್ಯ ತೋಳಿಗೆ ಚೂಪಾದ ಲೋಹದ ತಗಡನ್ನೋ ಕಾದ ಬೆಸುಗೆ ಮೊನೆಯನ್ನೋ ಕೊಟ್ಟರೆ, ಮೆಲ್ಲಗೆ ತಾಗಿದರೂ ಗಾಯ ತಪ್ಪದು. ಈ ಕಾರಣದಿಂದಲೇ 2025ರಲ್ಲಿ ಪರಿಷ್ಕೃತಗೊಂಡ ‘ಐಎಸ್‌ಒ 10218’ ಮಾನಕ ‘ಸಹಯೋಗಿ ರೋಬಾಟ್’ ಎಂಬ ಮಾತನ್ನೇ ಕೈಬಿಟ್ಟು, ‘ಸಹಯೋಗಿ ಬಳಕೆ’ ಎಂದು ಹೇಳುತ್ತದೆ. ಸುರಕ್ಷತೆ ಇರಬೇಕಾದದ್ದು ಯಂತ್ರದಲ್ಲಷ್ಟೇ ಅಲ್ಲ. ಅದರ ಕೈಯಲ್ಲಿನ ಉಪಕರಣ, ಎತ್ತುವ ವಸ್ತು, ಸುತ್ತಲಿನ ಜಾಗ, ಮಾಡುವ ಕೆಲಸ ಎಲ್ಲದರಲ್ಲೂ.

‘ರೋಬಾಟ್ ಮನುಷ್ಯನಿಗೆ ಕೇಡು ಮಾಡಕೂಡದು’ ಎಂಬ ನಿಯಮವನ್ನು ಲೇಖಕ ಐಸಾಕ್ ಅಸಿಮೋವ್ 1942ರ ಕಥೆಯೊಂದರಲ್ಲಿ ಬರೆದರು. ನಿಜವಾದ ಯಂತ್ರಕ್ಕೆ ಕೇಡು ಎಂದರೇನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ದೂರ, ವೇಗ ಮತ್ತು ಬಲ. ಕೇಡನ್ನು ಊಹಿಸಿ ಅಳೆಯಬೇಕಾದವರು ಮನುಷ್ಯರೇ. ಆ ಅಳತೆಗೆ ಎಂಜಿನಿಯರನ ಗಣಿತದ ಜೊತೆಗೆ ದೇಹದ ಪರಿಚಯವೂ ಬೇಕು; ತನ್ನ ಕೈ ದಿನಕ್ಕೆ ನೂರಾರು ಸಲ ಎಲ್ಲಿಗೆ ಹೋಗುತ್ತದೆಂದು ಬಲ್ಲ ಕಾರ್ಮಿಕನ ಮಾತೂ ಬೇಕು. ಯಂತ್ರವಿದ್ಯೆ ಕಲಿಯಹೊರಟ ವಿದ್ಯಾರ್ಥಿಗಳು ರೋಬಾಟನ್ನು ಓಡಿಸುವುದರ ಜೊತೆಗೆ, ಅದನ್ನು ಎಲ್ಲಿ ಮತ್ತು ಎಷ್ಟು ಬೇಗ ನಿಲ್ಲಿಸಬೇಕೆಂಬುದನ್ನೂ ಕಲಿಯಬೇಕಾಗಿದೆ.