ನಟ್ಟು ಬಿಚ್ಚುತ್ತಿಲ್ವಾ? ಪೈಪ್ ಹಾಕುವ ಮೊದಲು ದಿಕ್ಕು ನೋಡಿ

ಮಳೆ ಬಿದ್ದರೆ ಸೂಲಿಬೆಲೆ ಸುತ್ತಿನ ತೋಟಗಳಲ್ಲಿ ಬ್ರಷ್ ಕಟರ್‌ಗೆ ಕೆಲಸ ಶುರು. ಬದುವಿನ ಹುಲ್ಲು, ಹಿಪ್ಪುನೇರಳೆ ಸಾಲಿನ ಕಳೆ, ಹಸುಗಳಿಗೆ ಮೇವು, ಎಲ್ಲದಕ್ಕೂ ಅದೇ ಬೇಕು. ಆದರೆ ಬೇಸಿಗೆಯಿಡೀ ಮೂಲೆಯಲ್ಲಿದ್ದ ಮೆಷಿನ್ ತೆಗೆದು ಬ್ಲೇಡ್ ಬದಲಿಸಲು ಹೋದರೆ ನಟ್ಟು ಅಲುಗಾಡೋದೇ ಇಲ್ಲ. ಪಾನಾಗೆ ಪೈಪ್ ಸಿಕ್ಕಿಸಿ ಜಗ್ಗಿದರೆ ನಟ್ಟಿನ ಮೂಲೆ ಸವೆಯುತ್ತದೆ, ಇಲ್ಲವೇ ಶಾಫ್ಟಿನ ಥ್ರೆಡ್ ಹಾಳಾಗುತ್ತದೆ. ಆಮೇಲೆ ಗೇರ್ ಹೆಡ್ಡನ್ನೇ ಬಿಚ್ಚಿಸಬೇಕು. ಅಷ್ಟರಲ್ಲಿ ಕಳೆ ಮೊಣಕಾಲುದ್ದ ಬೆಳೆದಿರುತ್ತದೆ.

ಉಲ್ಟಾ ಥ್ರೆಡ್ ಅಂದರೇನು?

ಸಾಮಾನ್ಯ ನಟ್ಟನ್ನು ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಬಿಚ್ಚುತ್ತದೆ. ಹೆಚ್ಚಿನ ಬ್ರಷ್ ಕಟರ್‌ಗಳ ಬ್ಲೇಡ್ ನಟ್ಟು ಹಾಗಲ್ಲ, ಬಲಕ್ಕೆ ತಿರುಗಿಸಬೇಕು. ಕಾರಣ ಸರಳ. ಬ್ಲೇಡ್ ಗಟ್ಟಿ ಕಾಂಡಕ್ಕೆ ತಾಕಿದಾಗಲೆಲ್ಲ ನಟ್ಟಿನ ಮೇಲೂ ಎಳೆತ ಬೀಳುತ್ತದೆ. ಆ ಎಳೆತ ನಟ್ಟನ್ನು ಸಡಿಲ ಮಾಡುವ ಬದಲು ಬಿಗಿ ಮಾಡಲಿ ಎಂದು ಉಲ್ಟಾ ಥ್ರೆಡ್ ಇಟ್ಟಿರುತ್ತಾರೆ. ಇದು ಗೊತ್ತಿಲ್ಲದೆ ಎಡಕ್ಕೆ ಜಗ್ಗಿದಷ್ಟೂ ನಟ್ಟು ಇನ್ನೂ ಬಿಗಿಯಾಗುತ್ತದೆ.

ಸೈಕಲ್ಲಿನ ಎಡ ಪೆಡಲ್, ಮನೆಯಲ್ಲಿ ವ್ಯಾಯಾಮಕ್ಕೆ ತುಳಿಯುವ ಸೈಕಲ್ಲಿನ ಎಡ ಪೆಡಲ್, ಎರಡು ಕಲ್ಲಿನ ಗ್ರೈಂಡರ್‌ನ ಎಡಗಡೆ ನಟ್ಟು, ಇವೆಲ್ಲ ಇದೇ ಜಾತಿ.

ಅನುಮಾನ ಇದ್ದರೆ ಹೊರಗೆ ಕಾಣುವ ಥ್ರೆಡ್ಡಿನ ಫೋಟೋ ತೆಗೆದು ಜೂಮ್ ಮಾಡಿ. ಬೋಲ್ಟ್ ನೆಟ್ಟಗೆ ನಿಂತ ಹಾಗೆ ಇಟ್ಟು ನೋಡಿದಾಗ ಗೆರೆಗಳು ಬಲಗಡೆಗೆ ಏರಿದ್ದರೆ ಸಾಮಾನ್ಯ ಥ್ರೆಡ್. ಎಡಗಡೆಗೆ ಏರಿದ್ದರೆ ಉಲ್ಟಾ.

ಬಿಚ್ಚುವ ಕ್ರಮ

1. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಪ್ಲಗ್ ಕ್ಯಾಪ್ ಕೀಳಿ. ಬ್ಯಾಟರಿ ಮೆಷಿನ್ ಆದರೆ ಬ್ಯಾಟರಿ ತೆಗೆಯಿರಿ. ಕೈಗೆ ದಪ್ಪ ಗ್ಲೌಸ್ ಇರಲಿ.

2. ಸುತ್ತಿಕೊಂಡ ಹುಲ್ಲು, ಮಣ್ಣು ಬಿಡಿಸಿ ತಂತಿ ಬ್ರಷ್‌ನಲ್ಲಿ ಉಜ್ಜಿ.

3. ಗೇರ್ ಹೆಡ್ ಮತ್ತು ಒಳಗಿನ ವಾಷರ್‌ನ ತೂತು ಎದುರುಬದುರು ಬರುವಂತೆ ತಿರುಗಿಸಿ, ಮೆಷಿನ್ ಜೊತೆ ಕೊಟ್ಟಿರುವ ಕಡ್ಡಿ ತೂರಿಸಿ. ಶಾಫ್ಟ್ ಅಲುಗಾಡದೆ ನಿಲ್ಲುತ್ತದೆ. ಬ್ಲೇಡನ್ನು ಕೈಯಲ್ಲಿ ಹಿಡಿಯಲೇಬೇಡಿ.

4. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ಅದಿಲ್ಲದಿದ್ದರೆ ಡೀಸೆಲ್ ನಾಲ್ಕು ಹನಿ ಬಿಡಿ. ಕನಿಷ್ಠ ಅರ್ಧ ಗಂಟೆ ಕಾಯಿರಿ. ತುಕ್ಕು ಜಾಸ್ತಿ ಇದ್ದರೆ ಒಂದು ರಾತ್ರಿ ಬಿಟ್ಟುಬಿಡಿ.

5. ಅಳತೆಗೆ ಸರಿಯಾದ ಬಾಕ್ಸ್ ಪಾನಾ ಅಥವಾ ರಿಂಗ್ ಪಾನಾ ಹಾಕಿ. ಅಡ್ಜಸ್ಟ್ ಮಾಡುವ ಪಾನಾ, ಕಟಿಂಗ್ ಪ್ಲೇಯರ್ ಬೇಡ. ಅವೇ ಮೂಲೆ ಸವೆಸೋದು.

6. ಮೊದಲು ಬಿಗಿ ಮಾಡುವ ಕಡೆಗೆ ಸ್ವಲ್ಪ ಒತ್ತಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ. ಹೀಗೆ ಹಿಂದೆ ಮುಂದೆ ಮಾಡಿದರೆ ತುಕ್ಕು ಒಡೆಯುತ್ತದೆ. ಕಡ್ಡಿ ಬಾಗುವಷ್ಟು ಬಲ ಹಾಕಬೇಡಿ.

7. ಬಿಚ್ಚಿದ ಕೂಡಲೇ ವಾಷರ್‌ಗಳು ಯಾವ ಕ್ರಮದಲ್ಲಿವೆ ಎಂದು ಫೋಟೋ ತೆಗೆದುಕೊಳ್ಳಿ. ಮತ್ತೆ ಜೋಡಿಸುವಾಗ ತಲೆನೋವು ಇರಲ್ಲ.

ಮೇವು ಕತ್ತರಿಸುವ ಮೆಷಿನ್ ಆದರೆ

ಇದರ ಬ್ಲೇಡ್ ಬೋಲ್ಟ್‌ಗಳು ಸಾಮಾನ್ಯವಾಗಿ ಬಲ ಥ್ರೆಡ್ಡಿನವೇ. ಹಸಿ ಮೇವಿನ ರಸಕ್ಕೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಇಲ್ಲಿ ದೊಡ್ಡ ಅಪಾಯ ಕರೆಂಟಿನದು. ಕರೆಂಟ್ ಹೋಗಿದೆ ಅಂತ ಕೈ ಹಾಕಬೇಡಿ, ಯಾವ ಕ್ಷಣದಲ್ಲಾದರೂ ಬರಬಹುದು. ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ಚಕ್ರ ತಿರುಗದಂತೆ ಮರದ ತುಂಡು ಕೊಡಿ.

ಡೀಸೆಲ್ ಬಿಟ್ಟು ಕಾದ ಮೇಲೂ ಬರದಿದ್ದರೆ, ನಟ್ಟಿನ ಒಂದು ಮಗ್ಗುಲಿಗೆ ಭಾರದ ಕಬ್ಬಿಣ ಒತ್ತಿ ಹಿಡಿದು ಇನ್ನೊಂದು ಮಗ್ಗುಲಿಗೆ ಸುತ್ತಿಗೆಯಿಂದ ಮೆಲ್ಲಗೆ ಏಟು ಕೊಡಿ. ಪೈಪ್ ಕೊನೆಗೆ. ಪಾನಾದ ಉದ್ದ ಎರಡು ಪಟ್ಟಾದರೆ ನಟ್ಟಿನ ಮೇಲೆ ಬೀಳುವ ತಿರುಚು ಬಲವೂ ಎರಡು ಪಟ್ಟು, ಸಣ್ಣ ಬೋಲ್ಟ್ ಪಟ್ಟನೆ ತುಂಡಾಗುತ್ತದೆ. ಪಾನಾ ಜಾರಿದರೆ ಕೈ ಬ್ಲೇಡಿನ ಕಡೆ ಹೋಗದಂತೆ ನಿಂತು ಎಳೆಯಿರಿ.

ಬೆಂಕಿ ಕೊಡಬಹುದಾ?

ನಟ್ಟನ್ನು ಕಾಯಿಸಿದರೆ ಅದು ಹಿಗ್ಗಿ ಸಡಿಲವಾಗುತ್ತದೆ ಅನ್ನೋದು ನಿಜ. ಆದರೆ ಬ್ರಷ್ ಕಟರ್‌ಗೆ ಬೇಡ. ಮೆಷಿನ್ನಿನಲ್ಲೇ ಪೆಟ್ರೋಲ್ ಟ್ಯಾಂಕ್, ಗೇರ್ ಹೆಡ್ ಒಳಗೆ ಗ್ರೀಸ್ ಮತ್ತು ರಬ್ಬರ್ ಸೀಲ್ ಇರುತ್ತವೆ. ಮೇವಿನ ಮೆಷಿನ್ನಿಗೂ ಕೊಟ್ಟಿಗೆಯಲ್ಲಿ, ಹುಲ್ಲಿನ ಮೆದೆ ಹತ್ತಿರ ಬೆಂಕಿ ಬೇಡ. ಮೂಲೆ ಪೂರ್ತಿ ಸವೆದಿದ್ದರೆ ಅಥವಾ ಬೋಲ್ಟ್ ಒಳಗೇ ಮುರಿದಿದ್ದರೆ ವೆಲ್ಡಿಂಗ್ ಅಂಗಡಿಗೆ ಒಯ್ಯಿರಿ. ಮುರಿದ ತುಂಡಿನ ಮೇಲೆ ಹೊಸ ನಟ್ಟು ವೆಲ್ಡ್ ಮಾಡಿ ತಿರುಗಿಸಿ ತೆಗೆಯುತ್ತಾರೆ.

ಮತ್ತೆ ಹಾಕುವಾಗ

ಬ್ರಷ್ ಕಟರ್ ನಟ್ಟು ಬೆರಳಲ್ಲೇ ಕೊನೆತನಕ ಸಲೀಸಾಗಿ ತಿರುಗಿದರೆ ಅದರ ಹಿಡಿತ ಹೋಗಿದೆ ಎಂದರ್ಥ, ಹೊಸದು ಹಾಕಿ. ಓಡುವಾಗ ಬ್ಲೇಡ್ ಕಳಚಿದರೆ ಪಕ್ಕದಲ್ಲಿದ್ದವರ ಕಾಲಿಗೇ ಬರುತ್ತದೆ. ಮೇವಿನ ಮೆಷಿನ್ನಿಗೆ ಹಳೆ ಬೋಲ್ಟ್ ತಲೆಯ ಮೇಲಿರುವ ನಂಬರ್ ನೋಡಿ. 8.8 ಎಂದಿದ್ದರೆ ಅದೇ ನಂಬರಿನದನ್ನೇ ಕೇಳಿ ತನ್ನಿ, ಅಗ್ಗದ ಮೆತ್ತನೆ ಬೋಲ್ಟ್ ಬೇಡ. ಡೀಸೆಲ್ ಪೂರ್ತಿ ಒರೆಸಿದ ಮೇಲೇ ಮೇವು ಹಾಕಿ.

ಸೀಸನ್ ಮುಗಿದಾಗ ಬ್ಲೇಡ್ ಬಿಚ್ಚಿ, ಒರೆಸಿ, ತೆಳ್ಳಗೆ ಎಣ್ಣೆ ಸವರಿ ಇಡಿ. ಹತ್ತು ನಿಮಿಷದ ಕೆಲಸ. ಮುಂದಿನ ಮಳೆಗಾಲದಲ್ಲಿ ಅರ್ಧ ದಿನ ಉಳಿಯುತ್ತದೆ.